ಸೌಟಿನ ಮೇಲೆ ಸರಳಿನ ನೆರಳು

"ನಿಮಗೆ ನಾಚಿಕೆ ಆಗಲ್ವಾ?"

ಕಿಟಕಿಯೊಳಗಿಂದ ಬಂದ ಹುಡುಗಿಯ ದನಿಗೆ ಬೀಗದವನು ಬೆಚ್ಚಿಬಿದ್ದ! ನಿನ್ನೆ ಈ ಮನೆಯ ಹಳೆ ಬೀಗ ತೆಗೆದು ಹೊಸ ಹೊರಬೀಗ ಕೂರಿಸಿದವನು ಅವನೇ. ಮರೆತ ಸ್ಕ್ರೂಡ್ರೈವರ್ ಕೇಳಲು ಬಂದರೆ ಈ ಮಂಗಳಾರತಿ!

"ಹಗಲು ಮನೇಲಿ ಯಾರೂ ಇರಲ್ಲ ಅಂದಿದ್ರು ಯಜಮಾನ್ರು..."

"ಅವನು ನಮ್ಮಣ್ಣ. ನಿನ್ನೆ ನನ್ನನ್ನ ಅಡುಗೆಮನೆಯಿಂದ ಹೊರಗೇ ಬಿಡಲಿಲ್ಲ. ನಾನು ಯಾರೂ ಅಲ್ವಲ್ಲ!"

ಅಪ್ಪ ಅಮ್ಮ ಹೋದ ಮೇಲೆ ಅಣ್ಣನಿಗೆ ಒಂದೇ ಭಯ. ಕಾಲ ಕೆಟ್ಟಿದೆ, ತಂಗಿಗೆ ಏನಾದರೂ ಆದರೆ? ಕೆಲಸಕ್ಕೆ ಹೋಗುವಾಗ ಬೀಗ ಜಡಿದೇ ಹೋಗುತ್ತಿದ್ದ. ಪ್ರೀತಿಯೇ... ಆದರೆ ಉಸಿರುಗಟ್ಟಿಸುವ ಪ್ರೀತಿ.

"ಸ್ಕ್ರೂಡ್ರೈವರ್ ಈಗ ಕೊಡಲ್ಲ. ಅದರ ಚಿತ್ರ ಮುಗೀಲಿ," ಎಂದಳು.

ಅವಳ ಬೆರಳೆಲ್ಲ ಶಾಯಿ. ಸೌಟು, ಇಕ್ಕಳ, ಅಣ್ಣನ ಲೋಟ... ಮನೆಯ ಒಂದೊಂದೇ ವಸ್ತು ಕಾಗದಕ್ಕೆ ಇಳಿದಿತ್ತು.

"ಸೌಟಲ್ಲಿ ನೋಡೋಕೇನಿದೆ?"

"ದಿನಾ ಕೈಯಲ್ಲಿ ಹಿಡಿದ್ರೂ ಅದರ ಬೆನ್ನು ಇಷ್ಟು ಚೆಂದ ಅಂತ ಗೊತ್ತೇ ಇರಲಿಲ್ಲ. ಬಿಡಿಸುವಾಗ ಕಂಡಿತು."

"ಎಲ್ಲದರ ಮೇಲೂ ಈ ಉದ್ದುದ್ದ ಗೆರೆ ಯಾಕೆ?"

"ಕಿಟಕಿ ಸರಳಿನ ನೆರಳು. ಬೆಳಕು ಬರೋದು ಇದೊಂದರಿಂದಲೇ. ಕಂಡದ್ದನ್ನ ಬಿಡಿಸ್ತೀನಿ."

ಅವನ ಮುಖ ಕಪ್ಪಿಟ್ಟಿತು. ಹೊರಟೇಹೋದ, ಸ್ಕ್ರೂಡ್ರೈವರನ್ನೂ ಕೇಳದೆ!

ಮತ್ತೆ ಬರಲಿಲ್ಲ. ಅವಳು ಅವನ ದಾರಿ ಕಾಯುತ್ತ ಕಿಟಕಿ ಬಿಟ್ಟು ಏಳಲಿಲ್ಲ. 'ಎಲ್ಲರೂ ಅಷ್ಟೇ... ನೋಡ್ತಾರೆ, ಅಯ್ಯೋ ಪಾಪ ಅಂತಾರೆ, ಹೋಗ್ತಾರೆ.' ಕಣ್ಣೀರು ಬಿದ್ದು ಇಕ್ಕಳದ ಚಿತ್ರ ಕದಡಿತು.

ಅಣ್ಣನ ರಜೆಯ ದಿನ ಬಾಗಿಲಲ್ಲಿ ಬೀಗದವನೇ!

"ನಿಮ್ಮ ಬೀಗ ತಪ್ಪಾಗಿ ಕೂರಿಸಿದ್ದೆ ಸಾರ್. ಒಳಗಿಂದಲೂ ತೆಗೆಯೋಕೆ ಬರೋ ಅಂಥದ್ದು ಹುಡುಕಿ ತರೋಕೆ ತಡವಾಯ್ತು."

"ನಾನು ಕೇಳಿದ್ನಾ?" ಅಣ್ಣ ಸಿಡಿದ.

"ಒಳಗೆ ಜನ ಇರೋ ಮನೆಗೆ ಹೊರಬೀಗ ನಾನು ಹಾಕಲ್ಲ. ಬೆಂಕಿ ಬಿದ್ರೆ?"

ಅವಳು ಒಳಗಿಂದ ಬಂದಳು. ಅಣ್ಣನ ಲೋಟದ ಚಿತ್ರವನ್ನು ಅವನ ಮುಂದೆ ಹಿಡಿದಳು.

"ಅಣ್ಣಾ, ಇದರ ಮೇಲೂ ಸರಳು ಬಿದ್ದಿದೆ ನೋಡು. ಇನ್ನು ನನ್ನ ಕೈಲಾಗಲ್ಲ... ಈ ಬೀಗ ಅವರು ಹಾಕಲಿ."

ಅಣ್ಣ ಆ ಗೆರೆಗಳ ಮೇಲೆ ಬೆರಳಾಡಿಸಿದ. ಕೊನೆಗೆ ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತ.

ಕೆಲಸ ಮುಗಿಸಿ ಬೀಗದವನು ಹೊರಗೆ ನಿಂತು ಬಾಗಿಲೆಳೆದುಕೊಂಡ. ತೆಗೆಯಲಿಲ್ಲ, ಕರೆಯಲೂ ಇಲ್ಲ. ಅವಳೇ ಹಿಡಿ ತಿರುಗಿಸಿ ಹೊರಗೆ ಬಂದಳು.

"ಯಾಕೆ ಸುಮ್ಮನಿದ್ರಿ?"

"ಒಳಗೆ ಕೂಡಿಹಾಕಿದವರನ್ನ ಕೇಳಿದ್ರೆ ಅದು ಕೇಳಿದಂಗಾ? ಈಗ ಕೇಳ್ತೀನಿ. ಆ ದಿನ ಕಿಟಕೀಲಿ ಮಾತಾಡಿದಾಗಿನಿಂದ ನೀವಂದ್ರೆ ನನಗಿಷ್ಟ. ನನ್ನ ಮದುವೆ ಆಗ್ತೀರಾ? ಬೇಡ ಅಂದ್ರೂ ಬೇಜಾರಿಲ್ಲ..."

"ಸುಳ್ಳು! ಬೇಜಾರಾಗುತ್ತೆ."

"ತುಂಬಾ ಆಗುತ್ತೆ."

ಅವಳು ನಕ್ಕಳು. "ನನಗೂ ನೀವಂದ್ರೆ ಇಷ್ಟ. ಆದ್ರೆ ಮೊದಲು ಬೀದಿ ಕೊನೆವರೆಗೆ ನಡೀಬೇಕು."

"ನಾನೂ ಬರಲಾ?"

"ಬನ್ನಿ... ನಿಧಾನಕ್ಕೆ ನಡೀರಿ. ನನಗೆ ಅಭ್ಯಾಸ ತಪ್ಪಿದೆ."