ಗಿರಗಿಟ್ಲೆಯ ಕುರ್ಚಿ ಪರೀಕ್ಷೆ

ಹಳೇ ಕುರ್ಚಿ, ಮೇಜು ಮಾರುವ ಅಂಗಡಿಯ ನಟ್ಟನಡುವೆ ಚರ್ಚಿನ ಖಜಾಂಚಿ ಅಂಕಲ್ ಒಂದು ಮಡಚುವ ಕುರ್ಚಿಯ ಮೇಲೆ ಕೂತು, ಕೈ ಜೋಡಿಸಿ, ಕಣ್ಣು ಮುಚ್ಚಿಬಿಟ್ಟಿದ್ದರು.

“ಅಯ್ಯೋ, ಸಾರ್‌ಗೆ ಏನಾಯ್ತು? ನೀರು ತರ್ಲಾ?” ಅಂಗಡಿಯವರಿಗೆ ಗಾಬರಿ.

“ಶ್! ಟೆಸ್ಟ್ ಮಾಡ್ತಿದಾರೆ,” ಎಂದರು ಗಿರಗಿಟ್ಲೆಯ ಚಿಕ್ಕಮ್ಮ. “ಒಂದಿಡೀ ಪ್ರಾರ್ಥನೆ ಮುಗಿಯೋ ತನಕ ಆರಾಮಾಗಿ ಕೂರೋಕಾದ್ರೆ ಕುರ್ಚಿ ಪಾಸ್. ನಮ್ಮ ಚರ್ಚಿಗೆ ಎಲ್ಲಾ ಕುರ್ಚೀನೂ ಹೀಗೇ ತಗೊಂಡಿರೋದು.”

ಅಂಕಲ್ ಪ್ರಾರ್ಥನೆ ಅಂದರೆ ಸಣ್ಣದಲ್ಲ. ಅದರಲ್ಲಿ ನೆಂಟರು ಬರುತ್ತಾರೆ, ನೆಂಟರ ನೆಂಟರು ಬರುತ್ತಾರೆ, ಪಕ್ಕದ ಮನೆಯ ನಾಯಿಯ ಕಾಲುನೋವೂ ಬರುತ್ತದೆ.

ಅಷ್ಟು ಹೊತ್ತು ಸುಮ್ಮನೆ ನಿಲ್ಲುವುದು ಗಿರಗಿಟ್ಲೆಯಿಂದ ಆಗುವ ಕೆಲಸವೇ? ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು ಎಂದೇ ಅಲ್ಲವೇ ಅವಳಿಗೆ ಆ ಹೆಸರು ಬಂದದ್ದು! ಮೂಲೆಯಲ್ಲಿ ಚಕ್ರದ ಕುರ್ಚಿಯೊಂದು ಕಂಡಿತು. ಹತ್ತಿ ಕೂತು ಗೋಡೆಗೊಂದು ಒದೆ ಕೊಟ್ಟಳು. ಕುರ್ಚಿ ಬೀರುಗಳ ಸಾಲು ದಾಟಿತು. ಕನ್ನಡಿಗಳ ಸಾಲು ದಾಟಿತು. ಅಲ್ಲಿ ಹನ್ನೊಂದು ಗಿರಗಿಟ್ಲೆಯರು ಒಟ್ಟಿಗೇ ಸುಯ್ಯನೆ ಹೋದರು. ಕೊನೆಗೆ ಕುರ್ಚಿ ಹಾಸಿಗೆಗಳ ರಾಶಿಗೆ ಢಿಕ್ಕಿ ಹೊಡೆದು ನಿಂತಿತು.

“ಏಯ್ ಗಿರಗಿಟ್ಲೆ!” ಚಿಕ್ಕಮ್ಮ ಪಿಸುದನಿಯಲ್ಲೇ ಕಿರುಚಿದರು.

“ಆಮೆನ್!” ಅಂಕಲ್ ಕಣ್ಣು ಬಿಟ್ಟರು. “ಪಾಸ್! ರೇಟೂ ನಮ್ಮ ಕೈಗೆ ಎಟುಕೋ ಹಾಗಿದೆ. ಹನ್ನೆರಡು ಕೊಡಿ.”

ಈ ಕುರ್ಚಿ ಖರೀದಿಗೆಲ್ಲ ಕಾರಣ ಗಿರಗಿಟ್ಲೆಯೇ. ಹಾಗಂತ ಎಲ್ಲರೂ ಹೇಳುತ್ತಿದ್ದರು.

ಚರ್ಚಿನ ಹಿಂದೆ ಮಕ್ಕಳ ಚಿತ್ರದ ಕೋಣೆ ಇದೆ. ಪ್ರತಿ ಭಾನುವಾರ ಚಿಕ್ಕಮ್ಮ ಅಲ್ಲಿ ಚಿತ್ರ ಕಲಿಸುತ್ತಾರೆ. ಆ ಕೋಣೆಯೊಳಗೆ ಅವರು ಚಿಕ್ಕಮ್ಮ ಅಲ್ಲ, ಟೀಚರ್. ಹನ್ನೆರಡು ಮಕ್ಕಳಿಗೆ ಅಲ್ಲಿದ್ದದ್ದು ಒಂದೇ ಒಂದು ಉದ್ದನೆಯ ಬೆಂಚು. ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬಣ್ಣ ಹಚ್ಚಬೇಕು. ಬೆಂಚು ಒಂದು ಸಲ ಅಲ್ಲಾಡಿದರೆ ಮುಗಿಯಿತು. ಆನೆಗೆ ಎರಡು ಸೊಂಡಿಲು, ರಾಜಕುಮಾರಿಗೆ ಮೀಸೆ, ಸೂರ್ಯನಿಗೆ ಬಾಲ!

“ಟೀಚ...ರ್, ಮತ್ತೆ ಅಲ್ಲಾಡಿದ್ಲು!” ಎಂದು ಮೂಗಿನಲ್ಲಿ ರಾಗ ಎಳೆಯುವವನು ಕಂಬ. ಸದಾ ನೆಟ್ಟಗೆ ಕೂರುತ್ತಾನೆಂದು ಅವನಿಗೆ ಆ ಹೆಸರು. ಯಾರು ಅಲ್ಲಾಡಿದ್ದು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುವುದೇನು ಬಂತು? ಎಲ್ಲರೂ ಗಿರಗಿಟ್ಲೆಯ ಕಡೆ ತಿರುಗುತ್ತಿದ್ದರು. ಅವಳೂ “ಸಾರಿ, ಸಾರಿ” ಎನ್ನುತ್ತಿದ್ದಳು.

ಕಳೆದ ವಾರ ಚಿಕ್ಕಮ್ಮನ ತಾಳ್ಮೆ ಮುಗಿದಿತ್ತು. “ಎಲ್ರಿಗೂ ಬೇರೆ ಬೇರೆ ಸೀಟು ತರ್ತೀವಿ. ಆಗ್ಲೂ ಸರಿ ಹೋಗ್ಲಿಲ್ಲ ಅಂದ್ರೆ ನೀನು ಪುಟಾಣಿಗಳ ಬ್ಯಾಚಿಗೆ!”

ಪುಟಾಣಿಗಳೆಂದರೆ ನೆಲದ ಮೇಲೆ ಕೂತು ಕ್ರೇಯಾನ್ ತಿನ್ನುವವರು. ಐದನೇ ಕ್ಲಾಸಿನವಳಿಗೆ ಇದಕ್ಕಿಂತ ಅವಮಾನ ಉಂಟೇ?

ಭಾನುವಾರ ಬಂತು. ಹನ್ನೆರಡು ಮಕ್ಕಳು ಹನ್ನೆರಡು ಮಡಚುವ ಕುರ್ಚಿಗಳ ಮೇಲೆ ಕೂತರು. ಐದು ನಿಮಿಷ ಕೋಣೆ ಪರೀಕ್ಷೆಯ ಕೊಠಡಿಯಷ್ಟು ನಿಶ್ಶಬ್ದ.

ಆಮೇಲೆ, ಯಾವಾಗಲೂ ಸಮುದ್ರವನ್ನೇ ಬರೆಯುವ ಹುಡುಗ ನೀಲಿ ಬಣ್ಣಕ್ಕಾಗಿ ಮುಂದೆ ಬಾಗಿದ.

ಟಪ್!

ಕುರ್ಚಿ ಬಾಯಿ ಮುಚ್ಚಿತು. ಹೊರಗೆ ಉಳಿದದ್ದು ಎರಡು ಕಾಲು, ಒಂದು ಬ್ರಶ್ಶು. “ಟೀಚರ್! ಕುರ್ಚಿ ನನ್ನ ನುಂಗ್ತು!”

ನೋಡಲೆಂದು ಪಕ್ಕದವಳು ಹೊರಳಿದಳು. ಟಪ್! ಅವಳನ್ನು ಎಳೆಯಲು ಹೋದವನು ತನ್ನ ಕುರ್ಚಿಯ ಅಂಚಿಗೆ ಜಾರಿದ. ಟಪ್! ಯಾರಿಗೂ ಪೆಟ್ಟಾಗಲಿಲ್ಲ. ನಕ್ಕು ನಕ್ಕು ಹೊಟ್ಟೆ ಹುಣ್ಣಾದದ್ದೇ ದೊಡ್ಡ ಗಾಯ. ಆಮೇಲಾಮೇಲೆ ಕೆಲವರು ಬೇಕೆಂದೇ ನುಂಗಿಸಿಕೊಂಡರು.

ಚಿಕ್ಕಮ್ಮ ಮಾತ್ರ ನಗಲಿಲ್ಲ. ಅವರ ಕಣ್ಣು ಕೋಣೆಯೆಲ್ಲ ಸುತ್ತಿ ಗಿರಗಿಟ್ಲೆಯ ಮೇಲೆ ಬಂದು ನಿಂತಿತು. ಅವಳ ನಾಲಿಗೆಗೆ ಆಗಲೇ ಕ್ರೇಯಾನಿನ ರುಚಿ ಬಂದಂತಾಯಿತು.

“ಚಿಕ್ಕಮ್ಮಾ... ಅಲ್ಲ, ಟೀಚರ್! ನಾನಲ್ಲ! ಅಂಕಲ್ ಕಣ್ಮುಚ್ಚಿ ಕೂತು ಟೆಸ್ಟ್ ಮಾಡಿದ್ರು. ಚಿತ್ರ ಬರೆಯೋವಾಗ ಯಾರಾದ್ರೂ ಕಣ್ಮುಚ್ಚಿ ಕೂರ್ತಾರಾ? ಒಂದ್ಸಲ ನಾನು ಟೆಸ್ಟ್ ಮಾಡ್ಲಾ? ಪ್ಲೀಸ್!”

ಬಾಗಿಲಲ್ಲಿ ನಿಂತಿದ್ದ ಖಜಾಂಚಿ ಅಂಕಲ್ ತಲೆ ಕೆರೆದುಕೊಂಡರು. “ಅದೂ ನಿಜ ಟೀಚರ್. ಅಲ್ಲಾಡೋದ್ರಲ್ಲಿ ಇವಳಷ್ಟು ಸರ್ವೀಸ್ ಇನ್ಯಾರಿಗಿದೆ ಹೇಳಿ?”

ಮರುದಿನ ಸಂಜೆ ಮೂವರೂ ಮತ್ತೆ ಅಂಗಡಿಗೆ ಹೋದರು. “ದುಡ್ಡು ವಾಪಸ್ ಇಲ್ಲ, ಬೇರೆ ಮಾಲು ತಗೊಳ್ಳಿ,” ಎಂದರು ಅಂಗಡಿಯವರು. “ಈ ಸಲ ಯಾರು ಪ್ರಾರ್ಥನೆ ಮಾಡೋರು?”

“ಈ ಸಲ ಪ್ರದರ್ಶನ!” ಎಂದಳು ಗಿರಗಿಟ್ಲೆ.

ಮೊದಲು ಪ್ಲಾಸ್ಟಿಕ್ ಕುರ್ಚಿ. “ಇದು ಸಮುದ್ರದ ಹುಡುಗ.” ಬಾಗಿ, ಕೈ ಚಾಚಿ, “ನೀಲಿ ಕೊಡ್ರೋ, ನೀಲಿ!” ಎಂದು ಅವನದೇ ದನಿ ತೆಗೆದಳು. ಕುರ್ಚಿಯ ಕಾಲು ಬಳುಕಿತು. ಫೇಲ್!

ಆಮೇಲೆ ಬೆತ್ತದ ಕುರ್ಚಿ. “ಇದು ಎರಡು ಜಡೆಯೋಳು.” ಕುರ್ಚಿಯ ಮೇಲೆ ಮಂಡಿಯೂರಿ, ಇಲ್ಲದ ಹಲಗೆಗೆ ಮೂಗು ತಾಗಿಸಿದಳು. ಮಂಡಿಯ ಮೇಲೆಲ್ಲ ಬೆತ್ತದ ಅಚ್ಚು. ಫೇಲ್!

“ಇದು ಕಂಬ.” ಅದರ ಮೇಲೇ ನೆಟ್ಟಗೆ ಕೂತು ಮೂಗಿನಲ್ಲಿ ರಾಗ ಎಳೆದಳು. “ಟೀಚ...ರ್, ಅಲ್ಲಾಡಿದ್ಲು!” ಅಂಗಡಿಯವರು ಕೌಂಟರಿಗೆ ಒರಗಿ ಬಿದ್ದು ಬಿದ್ದು ನಕ್ಕರು. ಚಿಕ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಕೊನೆಗೆ ತಿರುಗುವ ಸ್ಟೂಲು. “ಇದು ಯಾವಾಗ್ಲೂ ಕಿಟಕಿ ಆಚೆ ನೋಡೋನು,” ಎಂದು ತಿರುಗಿದಳು. ಸ್ಟೂಲು ನಿಲ್ಲಲೇ ಇಲ್ಲ. ಒಂದು ಸುತ್ತು, ಎರಡು ಸುತ್ತು, ಆರು ಸುತ್ತು. ಇಳಿದಾಗ ಅಂಗಡಿ ಗಿರ್ರೆನ್ನುತ್ತಿತ್ತು. ಅಂಕಲ್ ಇಬ್ಬರಾಗಿದ್ದರು. ತೂರಾಡುತ್ತ ಹೋಗಿ ಕೈಗೆ ಸಿಕ್ಕ ಯಾವುದರ ಮೇಲೋ ಧೊಪ್ಪನೆ ಕೂತಳು.

ಲೋಕವೆಲ್ಲ ತಿರುಗಿತು. ಕೂತ ಜಾಗ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಬಾಗಿದಳು, ಮಂಡಿಯೂರಿದಳು, ಕುಣಿದಳು. ಊಹೂಂ! ಅದು ಗಿಡ್ಡನೆಯ, ಅಗಲ ಪೀಠದ, ಆನೆಮರಿಯ ಕಾಲಿನಂಥ ಕಾಲುಗಳ ಮರದ ಸ್ಟೂಲು.

“ಅದಾ ಮರಿ? ಮುಚ್ಚಿಹೋದ ಚಪ್ಪಲಿ ಅಂಗಡೀದು. ಗಿರಾಕಿಗಳ ಕಾಲಿಗೆ ಚಪ್ಪಲಿ ಹಾಕೋರು ಕೂರ್ತಿದ್ರು,” ಎಂದರು ಅಂಗಡಿಯವರು. “ಹದಿನಾಲ್ಕಿವೆ. ಯಾರೂ ಕೇಳಲ್ಲ ಅಂತ ಉಳಿದವುಗಳ ಮೇಲೆ ಹೂಕುಂಡ ಇಟ್ಟಿದೀನಿ. ಆ ಹನ್ನೆರಡು ಕುರ್ಚಿ ರೇಟಲ್ಲಿ ಎಲ್ಲಾನೂ ತಗೊಂಡು ಹೋಗಿ.”

ಅಂಕಲ್ ಮುಖ ಅರಳಿತು. ಆದರೂ ಪದ್ಧತಿ ಪದ್ಧತಿಯೇ. ಅವರೂ ಕೂತು ಕಣ್ಣು ಮುಚ್ಚಿದರು. ಮಂಡಿಗಳು ಕಿವಿಗೆ ತಾಗಿದವು. ಅವರ ಜೀವಮಾನದ ಅತಿ ಚಿಕ್ಕ ಪ್ರಾರ್ಥನೆ ಅಂದು ಕೇಳಿಬಂತು. “ದೇವರೇ, ನನ್ನ ಯಾರಾದ್ರೂ ಎಬ್ಬಿಸೋ ಹಾಗೆ ಮಾಡು. ಆಮೆನ್.”

ಮುಂದಿನ ಭಾನುವಾರ ಗಿರಗಿಟ್ಲೆ ತನ್ನ ಸ್ಟೂಲಿನ ಮೇಲೆ ಕೂತು ಹಕ್ಕಿ ಬರೆದಳು. ಕಾಲು ಆಡಿಸಿದಳು, ಹೊರಳಿದಳು, ತಿರುಗಿದಳು. ಹಕ್ಕಿಗೆ ಒಂದೇ ಕೊಕ್ಕು! ಅವಳನ್ನು ಯಾರೂ ಬೈಯಲಿಲ್ಲ.

ಖುಷಿಯಿಂದ ತಲೆ ಎತ್ತಿ ನೋಡಿದಳು. ಸಮುದ್ರದ ಹುಡುಗ ನೀಲಿಗೆ ಬಾಗಿದ್ದ. ಎರಡು ಜಡೆಯವಳು ಮಂಡಿಯೂರಿದ್ದಳು. ಕಿಟಕಿಯವನು ಪೂರ್ತಿ ಹಿಂದೆ ತಿರುಗಿದ್ದ. ಅಂಗಡಿಯಲ್ಲಿ ತಾನೇ ಆಡಿ ತೋರಿಸಿದ್ದೆಲ್ಲ ಕಣ್ಣ ಮುಂದೆ ನಡೆಯುತ್ತಿತ್ತು. ಇವರೆಲ್ಲ ಹೀಗೇ ಆ ಒಂದೇ ಬೆಂಚಿನ ಮೇಲೆ ಕೂತಿದ್ದರು, ಅಲ್ಲವೇ?

ಕಂಬ ಮಾತ್ರ ನೆಟ್ಟಗೆ ಕೂತು ಸ್ಕೇಲಿಲ್ಲದೆ ರೈಲು ಹಳಿ ಎಳೆಯುತ್ತಿದ್ದ. ಸೊಂಟದಿಂದ ಮೇಲೆ ಕಂಬವೇ. ಕೆಳಗೆ ಅವನ ಬಲಗಾಲು ಹೊಲಿಗೆ ಮೆಷಿನ್ ತುಳಿಯುವ ಹಾಗೆ ಟಕಟಕ ಕುಣಿಯುತ್ತಿತ್ತು. ಹಳಿ ಹಾವಾಯಿತು.

“ಟೀಚ...ರ್, ಮತ್ತೆ ಅಲ್ಲಾ...” ಎಂದು ಶುರು ಮಾಡಿದವನು ಅಕ್ಕಪಕ್ಕ ನೋಡಿದ. ಮಾರು ದೂರದೊಳಗೆ ಯಾರೂ ಇರಲಿಲ್ಲ. ಮೆಲ್ಲಗೆ ತನ್ನ ಮಂಡಿಯ ಕಡೆ ನೋಡಿದ. ಕಿವಿ ಕೆಂಪಾಯಿತು.

ಮೂಗಿನ ರಾಗ ಗಿರಗಿಟ್ಲೆಯ ನಾಲಿಗೆಯ ತುದಿಯಲ್ಲಿ ರೆಡಿಯಾಗಿ ಕೂತಿತ್ತು. ಎಷ್ಟು ವಾರಗಳ “ಸಾರಿ”ಗಳ ಬಾಕಿ ಇತ್ತು!

ಅವಳು ತುಟಿ ಬಿಗಿಹಿಡಿದು, ತನ್ನ ರಬ್ಬರನ್ನು ಅವನ ಕಡೆಗೆ ಉರುಳಿಸಿದಳು.