ವೈರಿಂಗ್ ಮಾಡಿದ್ದು ಯಾರು?

“ನಗ್ತಾ ಇರೋರು ಯಾರ್ರೀ ಒಳಗೆ?”

ಚನ್ನಕೇಶವನ ಮುಖ ಕೆಂಪೇರಿತ್ತು. ತಳಿ ಎಂಬ ಊರಿನ ಕಡೆಯ ರೈತರ ಮನೆಯ ಹುಡುಗ, ಹೊಸೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಎರಡು ವರ್ಷದಿಂದ ತನ್ನ ಕೈಯಾರೆ ಒಂದು ಸ್ಪೋರ್ಟ್ಸ್ ಕಾರು ಕಟ್ಟುತ್ತಿದ್ದ. ಅದರ ಕಷ್ಟ ಹೇಳಿಕೊಳ್ಳಲು ರೇಡಿಯೋ ರಿಪೇರಿ ರಾಮಸ್ವಾಮಿಯವರ ಅಂಗಡಿಗೆ ಬಂದಿದ್ದ. ಹಾರ್ನ್ ಒತ್ತಿದರೆ ದೀಪ ಮಂಕಾಗುತ್ತದೆ, ಬ್ರೇಕ್ ತುಳಿದರೆ ವೈಪರ್ ನಡುಗುತ್ತದೆ ಎಂದು ಅವನು ಹೇಳುತ್ತಿದ್ದಂತೆಯೇ ಅಂಗಡಿಯ ಹಿಂದಿನ ಪರದೆಯಾಚೆಯಿಂದ ಕಿಸಕ್ಕನೆ ನಗು!

ರಾಮಸ್ವಾಮಿ ಗಂಟಲು ಸರಿಮಾಡಿಕೊಂಡರು. “ಅದು... ನನ್ನ ಮಗಳು ವೇದವತಿ. ಏನೋ ಓದ್ತಾ ಇರ್ಬೇಕು.”

“ಓದ್ತಾ ಇಲ್ಲ ಅಪ್ಪ. ಅವರನ್ನ ಕೇಳಿ, ಕಾರಿನ ಬಾಡಿ ತಗಡಿಂದೋ ಫೈಬರ್‌ದೋ?”

“ಫೈಬರ್,” ಎಂದ ಚನ್ನಕೇಶವ ಹೆಮ್ಮೆಯಿಂದ. “ಅಚ್ಚು ನಾನೇ ಮಾಡಿದ್ದು. ಕೆಳಗಿನ ಚಾಸಿಸ್ ಮಾತ್ರ ಹಳೇ ಹೆರಾಲ್ಡ್ ಗಾಡೀದು.”

“ತಗಡಿನ ಗಾಡೀಲಿ ಕರೆಂಟು ಬಾಡಿ ಮೂಲಕವೇ ಬ್ಯಾಟರಿಗೆ ವಾಪಸ್ ಹೋಗುತ್ತೆ. ಫೈಬರ್‌ನಲ್ಲಿ ಹೇಗೆ ಹೋಗ್ಬೇಕು? ದಾರಿ ಸಿಗದೆ ಹಾರ್ನ್‌ನಿಂದ ದೀಪಕ್ಕೆ, ದೀಪದಿಂದ ವೈಪರ್‌ಗೆ ಅಲೀತಾ ಇದೆ. ಒಂದೊಂದಕ್ಕೂ ವಾಪಸ್ ಬರೋ ತಂತಿ ಬೇರೆ ಎಳೀರಿ.”

ಇಷ್ಟು ವರ್ಷ ತಗಡಿನ ಗಾಡಿಗಳ ಮೇಲೆಯೇ ಕೈ ಪಳಗಿಸಿದ ಚನ್ನಕೇಶವನಿಗೆ ಇದು ಹೊಳೆದೇ ಇರಲಿಲ್ಲ! ಅವನು ಮರ್ಯಾದೆ ಮರೆತು ಪರದೆ ಸರಿಸಿಬಿಟ್ಟ.

ಹೊಟ್ಟೆ ಬಿಚ್ಚಿದ ರೇಡಿಯೋ ಮುಂದೆ ಒಬ್ಬ ಹುಡುಗಿ. ಕೈಯಲ್ಲಿ ಬಿಸಿ ಬಿಸಿ ಸೋಲ್ಡರಿಂಗ್ ಕಡ್ಡಿ. ಹಿಂದಿನ ಗೂಡಿನಲ್ಲಿ ಅರ್ಧ ಊರಿನ ರೇಡಿಯೋಗಳು. ಚನ್ನಕೇಶವ ತಿರುಗಿ ರಾಮಸ್ವಾಮಿಯವರ ದಪ್ಪ ಕನ್ನಡಕ ನೋಡಿದ. ಹೊಸೂರೆಲ್ಲ ಹೊಗಳುವ ಕೈಚಳಕ ಯಾರದೆಂದು ಅವನಿಗೆ ಅರ್ಥವಾಯಿತು.

“ಯಾರಿಗೂ ಹೇಳ್ಬೇಡಪ್ಪಾ,” ಎಂದರು ರಾಮಸ್ವಾಮಿ, ದನಿ ತಗ್ಗಿಸಿ. “ನನ್ನ ಕಣ್ಣು ಮಂಜಾಗಿ ನಾಲ್ಕು ವರ್ಷ ಆಯ್ತು. ಹುಡುಗಿ ರಿಪೇರಿ ಮಾಡ್ತಾಳೆ ಅಂತ ಗೊತ್ತಾದ್ರೆ ಒಬ್ಬರೂ ರೇಡಿಯೋ ತರಲ್ಲ.”

ವೇದವತಿ ತಲೆ ತಗ್ಗಿಸಿದಳು. ಈ ಮಾತನ್ನು ಅವಳು ಎಷ್ಟು ಸಲ ಕೇಳಿದ್ದಳೋ... ಪ್ರತಿ ಸಲವೂ ಅದು ಚುಚ್ಚುವ ಜಾಗ ಮಾತ್ರ ಒಂದೇ.

“ಯಾಕ್ ಸಾರ್ ಹೇಳ್ಬಾರ್ದು? ನಾನಾಗಿದ್ರೆ ತಮಟೆ ಹೊಡ್ಸಿ ಹೇಳ್ತಿದ್ದೆ!”

ಅವಳು ಸರಕ್ಕನೆ ತಲೆಯೆತ್ತಿದಳು. ಇಪ್ಪತ್ಮೂರು ವರ್ಷದಲ್ಲಿ ಯಾರೂ ಅವಳಿಗಾಗಿ ಆಡದ ಮಾತು ಅದು. ಆಡಿದವನಿಗೆ ಅದರ ತೂಕ ಗೊತ್ತಿರಲಿಲ್ಲ, ಪಾಪ. ಕೇಳಿದವಳು ಮಾತ್ರ ಅವತ್ತೇ ಮನಸ್ಸು ಕೊಟ್ಟುಬಿಟ್ಟಳು.

ಅದು ೧೯೮೩ರ ಮಾತು.

ಆಮೇಲೆ ಭಾನುವಾರಗಳೆಲ್ಲ ಅವಲಪಲ್ಲಿಯಲ್ಲಿ ಅವನು ಕಾರು ಕಟ್ಟುತ್ತಿದ್ದ ಶೆಡ್ಡಿನಲ್ಲೇ ಕಳೆದವು. ರಾಮಸ್ವಾಮಿ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ತಾಯಿಯಿಲ್ಲದ ಮಗಳನ್ನು ಒಬ್ಬಳನ್ನೇ ಕಳಿಸುವುದುಂಟೇ? ಅವಳು ಕಾರಿನೊಳಗೆ ಮೈಯನ್ನೆಲ್ಲ ಮುದುಡಿಕೊಂಡು ತಂತಿ ಎಳೆಯುತ್ತಿದ್ದಳು. ದೀಪಕ್ಕೊಂದು ಬಣ್ಣ, ಹಾರ್ನ್‌ಗೊಂದು ಬಣ್ಣ. ಹೂ ಕಟ್ಟಿದ ಹಾಗೆ ಗೇಣಿಗೊಂದು ಗಂಟು ಹಾಕಿ ಬಿಗಿಯುತ್ತಿದ್ದಳು. ಅವನು ಟಾರ್ಚು ಹಿಡಿದು ನಿಲ್ಲುತ್ತಿದ್ದ. ತಂತಿಗೆ ಬೀಳಬೇಕಾದ ಬೆಳಕು ಆಗಾಗ ಅವಳ ಮುಖದ ಮೇಲೆ ಬೀಳುತ್ತಿತ್ತು.

“ಟಾರ್ಚು ಇಲ್ಲಿ ಹಿಡೀರಿ!”

“ಹಿಡ್ದಿದ್ದೀನಲ್ಲ ವೇದಾ...”

“ತಂತಿ ನನ್ನ ಮೂಗಿನಲ್ಲಿದ್ಯಾ?”

ಕೆಂಪು ಬಣ್ಣ ಬಳಿದ ದಿನ ಅವನು ಮೆಲ್ಲಗೆ ಹೇಳಿದ. “ಆರ್‌ಟಿಓ ಆಫೀಸಿನ ಬ್ರೇಕ್ ಇನ್ಸ್‌ಪೆಕ್ಟರ್ ಗಾಡಿ ಪಾಸ್ ಮಾಡಕ್ಕೆ ಬತ್ತಾರಲ್ಲ, ಅವ್ರ ಮುಂದೆ ಹೇಳ್ತೀನಿ. ವೈರಿಂಗ್ ಮಾಡಿದ್ದು ವೇದವತಿ ಅಂತ. ಅವತ್ತೇ ನಿಮ್ಮಪ್ಪನ ಹತ್ರ ಹೆಣ್ಣು ಕೇಳ್ತೀನಿ.”

“ಮೊದಲನೇದು ಮರೀಬೇಡಿ,” ಎಂದಳು. ಎರಡನೆಯದರ ಬಗ್ಗೆ ಅವಳಿಗೆ ಭಯವಿರಲಿಲ್ಲ.

ಆ ದಿನ ಬಂತು. ಅವಳು ಹಸಿರು ಸೀರೆ ಉಟ್ಟು ಅಪ್ಪನ ಪಕ್ಕ ನಿಂತಿದ್ದಳು. ತಮಿಳಿನ ಇನ್ಸ್‌ಪೆಕ್ಟರು ದೀಪ ಹಾಕಿಸಿದರು, ಹಾರ್ನ್ ಒತ್ತಿಸಿದರು, ಡ್ಯಾಶ್‌ಬೋರ್ಡ್ ಕೆಳಗೆ ಬಗ್ಗಿ ನೋಡಿದರು. ಅವರ ಹುಬ್ಬು ಮೇಲೇರಿತು.

“ವಯರಿಂಗ್ ಯಾರು ಪಣ್ಣುನದು?”

ಯಾರು ಮಾಡಿದ್ದು! ವೇದವತಿ ತನಗೇ ಗೊತ್ತಿಲ್ಲದೆ ಒಂದು ಹೆಜ್ಜೆ ಮುಂದಿಟ್ಟಳು.

ಚನ್ನಕೇಶವ ಅವಳನ್ನು ನೋಡಿದ. ಆಮೇಲೆ ಇನ್ಸ್‌ಪೆಕ್ಟರ ಪೆನ್ನು ನೋಡಿದ. ಅದು ಕಾಗದದಿಂದ ಎರಡು ಬೆರಳು ಮೇಲೆ ನಿಂತಿತ್ತು.

“ರಾಮಸ್ವಾಮಿ ಸಾರ್. ರೇಡಿಯೋ ಅಂಗಡಿ. ಮೂವತ್ತು ವರ್ಷದ ಸರ್ವೀಸು.”

ಇನ್ಸ್‌ಪೆಕ್ಟರು ರಾಮಸ್ವಾಮಿಯವರ ಕೈ ಕುಲುಕಿದರು. ಆ ಮುದುಕರು ಸುಮ್ಮನೆ ನಕ್ಕರು. ಪೆನ್ನು ಕಾಗದ ಮುಟ್ಟಿತು. ವೇದವತಿ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು.

“ಪಾಸಾಯ್ತು ವೇದಾ! ಪಾಸಾಗ್ಬುಡ್ತು!” ಇನ್ಸ್‌ಪೆಕ್ಟರು ಹೋದದ್ದೇ ಅವನು ಓಡಿ ಬಂದ.

“ಯಾರ ವೈರಿಂಗು?”

ಅವನ ನಗು ಆರಿತು. “ಒಂದ್ ಮಾತು ಅಷ್ಟೇ ಕಣೆ... ಪೇಪರ್ ಕೈಗೆ ಬರ್ಲಿ ಅಂತ...”

“ಅಪ್ಪನ ಹೆಸರಲ್ಲಿ ಕೆಲಸ ಮಾಡಿ ನನಗೆ ಅಭ್ಯಾಸ ಇದೆ. ನಿಮ್ಮ ಬಾಯಿಂದ ಅದನ್ನ ಕೇಳೋದು ಅಭ್ಯಾಸ ಇರ್ಲಿಲ್ಲ.” ಅವಳು ಅಪ್ಪನ ಕೈ ಹಿಡಿದು ತಿರುಗಿದಳು. “ಹೆಣ್ಣು ಕೇಳೋಕೆ ಬರ್ಬೇಡಿ. ಬಂದ್ರೆ ನಾನು ಹೊರಗೆ ಬರಲ್ಲ.”

ಅವನು ಎರಡು ಸಲ ಬಂದ. ಅವಳು ಎರಡು ಸಲವೂ ಒಳಕೋಣೆಯಲ್ಲೇ ಕುಳಿತಳು. ಬಾಗಿಲ ಸಂದಿಯಿಂದ ಅವನ ಚಪ್ಪಲಿ ಕಾಣುತ್ತಿತ್ತು. ಅದನ್ನೇ ನೋಡುತ್ತ ಅತ್ತಳು. ಅತ್ತದ್ದು ಅವನಿಗೆ ತಿಳಿಯಲೇ ಇಲ್ಲ... ಹಟಮಾರಿ ಹುಡುಗಿ ಎಂದುಕೊಂಡು ಹೊರಟುಹೋದ.

ಇಷ್ಟರಲ್ಲೇ ಮುಗಿದಿದ್ದರೆ ಎಂದೋ ಒಂದು ದಿನ ಮರೆತುಹೋಗುತ್ತಿತ್ತು. ಆದರೆ ಆ ಕೆಂಪು ಕಾರು ದಾರಿಯಲ್ಲಿ ನಿಲ್ಲತೊಡಗಿತು.

ಊರೊಳಗೆ ಚೆನ್ನಾಗಿಯೇ ಓಡುತ್ತಿತ್ತು. ಕೃಷ್ಣಗಿರಿ ರಸ್ತೆಯಲ್ಲಿ ಶೂಲಗಿರಿ ದಾಟಿದರೆ ಸಾಕು, ಎಂಜಿನ್ ಸತ್ತೇಹೋಗುತ್ತಿತ್ತು. ಚನ್ನಕೇಶವ ಇಳಿದು ತಂತಿಗಳನ್ನು ಅಲ್ಲಾಡಿಸಿದರೆ ಮತ್ತೆ ಹೊರಡುತ್ತಿತ್ತು. ಮೆಕ್ಯಾನಿಕ್‌ಗಳೆಲ್ಲ ಒಂದೇ ರಾಗ ಹಾಡಿದರು. “ವೈರಿಂಗ್ ಲೂಸು ಕಣ್ಲಾ. ಯಾರ್ ಮಾಡಿದ್ದು? ರಾಮಸ್ವಾಮಿನಾ? ಆ ಮುದುಕಪ್ಪಂಗೆ ಕಣ್ಣೇ ಕಾಣಲ್ವಂತೆ!”

ಮಾತು ಊರು ತುಂಬ ಹರಡಿತು. ಅಂಗಡಿಯ ಗೂಡು ಖಾಲಿಯಾಯಿತು. ರಾಮಸ್ವಾಮಿ ಬೆಳಗಿನಿಂದ ಸಂಜೆಯವರೆಗೆ ಅಂಗಡಿಯ ಬೋರ್ಡಿನ ಕೆಳಗೆ ಸುಮ್ಮನೆ ಕೂರುತ್ತಿದ್ದರು. ಅದು ನನ್ನ ಕೆಲಸವಲ್ಲ, ಮಗಳದು ಎಂದು ಯಾರಿಗೂ ಹೇಳಲಿಲ್ಲ. ಹೊಗಳಿಕೆಯಲ್ಲಿ ಸುಮ್ಮನಿದ್ದವರು ಬೈಗುಳದಲ್ಲೂ ಸುಮ್ಮನಿದ್ದರು. ಒಂದೇ ಒಂದು ಸಲ ಅವಳನ್ನು ಕೇಳಿದರು.

“ಎಲ್ಲಾದ್ರೂ ಒಂದು ಗಂಟು ಸಡಿಲ ಬಿಟ್ಟಿದ್ಯೇನಮ್ಮ?”

“ಇಲ್ಲಪ್ಪ.”

“ಸರಿ ಬಿಡು,” ಎಂದರು. ನಂಬಿದರೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಕಾರ್ತಿಕದಲ್ಲಿ ರಾಮಸ್ವಾಮಿ ತೀರಿಕೊಂಡರು. ಆ “ಸರಿ ಬಿಡು” ಅವಳ ಎದೆಯೊಳಗೆ ಮುಳ್ಳಿನಂತೆ ಉಳಿಯಿತು.

ಎರಡು ತಿಂಗಳಾದ ಮೇಲೆ ಚನ್ನಕೇಶವ ಬಂದು ಅಂಗಡಿಯ ಮೆಟ್ಟಿಲಲ್ಲಿ ನಿಂತ. ಬಡಕಲಾಗಿದ್ದ.

“ಕೃಷ್ಣಗಿರೀಲಿ ಹನುಮಂತರಾಯಪ್ಪ ಅಂತ, ಮಾವಿನ ಹಣ್ಣಿನ ಫ್ಯಾಕ್ಟರಿಯೋರು. ಇಂಥವೇ ಎರಡು ಕಾರು ಬೇಕಂತೆ. ನಾಳೆ ಗಾಡಿ ತಂದು ತೋರ್ಸು ಅಂದವ್ರೆ. ಆರ್ಡರ್ ಸಿಕ್ಕಿದ್ರೆ ಕಾರ್ಖಾನೆ ಕೆಲಸ ಬಿಟ್ಟು ಇದನ್ನೇ ಮಾಡ್ಬೋದು. ಆದ್ರೆ ಗಾಡಿ ದಾರೀಲಿ ನಿಲ್ತದೆ... ನೀವು ಒಂದ್ಸಲ ಬಂದು ನೋಡ್ತೀರಾ?”

ನೀನು ಹೋಗಿ ನೀವು ಆಗಿತ್ತು. ಅವಳು ಅದನ್ನು ಗಮನಿಸಿದಳು.

“ನಿಮ್ಮ ಆರ್ಡರ್‌ಗೋಸ್ಕರ ಬರಲ್ಲ. ನಮ್ಮಪ್ಪನ ಹೆಸರಿಗೋಸ್ಕರ ಬರ್ತೀನಿ.”

ಮರುದಿನ ಬೆಳಗ್ಗೆ ಹೊರಟರು. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಶೂಲಗಿರಿಯ ಬೆಟ್ಟ ಹಿಂದಾಯಿತು. ಎಂಜಿನ್ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು... ನಿಂತೇಹೋಯಿತು.

“ನೋಡಿ, ನಿಂತ್ಬುಡ್ತು,” ಎಂದು ಅವನು ಇಳಿಯಹೋದ.

“ಕೂತ್ಕೊಳ್ಳಿ! ಏನೂ ಮುಟ್ಬೇಡಿ. ಕರೆಂಟು ಹೋದ್ರೆ ಎಂಜಿನ್ ಕೆಮ್ಮಲ್ಲ, ಥಟ್ಟನೆ ಸಾಯುತ್ತೆ.” ಅವಳು ಬಾನೆಟ್ ಎತ್ತಿ ಒಂದು ಪ್ಲಗ್ಗಿನ ತಂತಿ ಕಿತ್ತು ಎಂಜಿನ್ನಿನ ಕಬ್ಬಿಣದ ಹತ್ತಿರ ಹಿಡಿದಳು. “ಸೆಲ್ಫ್ ಹೊಡೀರಿ.”

ಚಟ್, ಚಟ್, ಚಟ್! ನೀಲಿ ಕಿಡಿ ಹಾರಿತು.

“ಕರೆಂಟು ಬರ್ತಾ ಇದೆ. ಈಗ ಹೇಳಿ, ಪ್ರತಿ ಸಲ ನಿಂತಾಗ ಮೊಟ್ಟಮೊದಲು ಏನ್ ಮಾಡ್ತೀರಿ?”

“ಟ್ಯಾಂಕ್ ಮುಚ್ಚಳ ತೆಗ್ದು ಪೆಟ್ರೋಲ್ ಐತಾ ಅಂತ ಕಡ್ಡಿ ಬಿಟ್ಟು ನೋಡ್ತೀನಿ.”

“ಆಮೇಲೆ?”

“ಆಮೇಲೆ ವೈರ್ ಅಲ್ಲಾಡುಸ್ತೀನಿ. ಸ್ಟಾರ್ಟ್ ಆಯ್ತದೆ.”

ಅವಳು ಕಾರಿನ ಹಿಂದಕ್ಕೆ ನಡೆದು ಹಿತ್ತಾಳೆಯ ಮುಚ್ಚಳ ತಿರುಗಿಸಿದಳು. ಸುಂಯ್ಯ್ ಎಂದು ಗಾಳಿ ಒಳಗೆ ನುಗ್ಗಿತು.

“ವೈರ್ ಮುಟ್ದೆ ಸ್ಟಾರ್ಟ್ ಮಾಡಿ.”

ಎಂಜಿನ್ ಗುರ್ರೆಂದಿತು.

ಮುಚ್ಚಳ ಬಿಗಿದು ಮತ್ತೆ ಹೊರಟರು. ಎಷ್ಟೋ ಹೊತ್ತಾದ ಮೇಲೆ ಮತ್ತೆ ಕೆಮ್ಮು, ಮತ್ತೆ ನಿಂತಿತು. ಅವಳು ಮತ್ತೆ ಮುಚ್ಚಳ ತೆಗೆದಳು. ಅದೇ ಸುಂಯ್ಯ್! ಪೆಟ್ರೋಲು ಖರ್ಚಾದಷ್ಟು ಗಾಳಿ ಒಳಗೆ ಹೋಗಬೇಕು. ಮುಚ್ಚಳದಲ್ಲಿ ಅದಕ್ಕೊಂದು ಸೂಜಿಯ ತೂತೂ ಇರಲಿಲ್ಲ. ಟ್ಯಾಂಕು ಉಸಿರು ಕಟ್ಟಿ ಪೆಟ್ರೋಲು ಬಿಡುತ್ತಲೇ ಇರಲಿಲ್ಲ.

“ಈ ಮುಚ್ಚಳ ಯಾರು ಮಾಡಿದ್ದು?”

“ನಾನೇ... ಲೇತ್‌ನಲ್ಲಿ.” ಅವನು ಮುಚ್ಚಳವನ್ನು ಕೈಗೆ ತೆಗೆದುಕೊಂಡ. “ಪೆಟ್ರೋಲ್ ವಾಸನೆಗೆ ತಲೆ ನೋಯುತ್ತೆ ಅಂದಿದ್ಯಲ್ಲ ನೀನು. ಒಂಚೂರೂ ವಾಸ್ನೆ ಬರ್ಬಾರ್ದು ಅಂತ ಎರಡು ರಬ್ಬರ್ ವಾಷರ್ ಹಾಕಿ ಬಿಗಿ ಮಾಡ್ದೆ...”

ವೇದವತಿ ರಸ್ತೆಯ ಪಕ್ಕದ ಮೈಲಿಗಲ್ಲಿನ ಮೇಲೆ ಕುಸಿದಳು. ಅಯ್ಯೋ ದೇವರೇ! ಇವನ ಪ್ರೀತಿಯೇ ಅಪ್ಪನ ಹೆಸರು ತಿಂದಿತೇ?

“ಇದನ್ನೂ ನನ್ನ ಕೇಳದೇ ಮಾಡಿದ್ರಿ,” ಎಂದಳು. “ಕೇಳಿದ್ದಿದ್ರೆ ತೂತು ಬಿಡಿ ಅಂತ ಹೇಳ್ತಿದ್ದೆ. ಆವತ್ತು ಹೆಸರು ಹೇಳುವಾಗಲೂ ಕೇಳ್ಲಿಲ್ಲ. ಏನಕ್ಕೆ ಕೇಶವ? ನನ್ನ ಮರ್ಯಾದೆ ಉಳಿಸೋಕೆ ಹಾಗಂದೆ ಅಂತ ಮಾತ್ರ ಹೇಳ್ಬೇಡಿ.”

ಲಾರಿಯೊಂದು ಧೂಳೆಬ್ಬಿಸಿ ಹೋಯಿತು.

“ಇಲ್ಲ. ಹೆದರ್ಕಂಡೆ. ಹುಡ್ಗಿ ಮಾಡಿದ್ದು ಅಂದ್ರೆ ಗಾಡಿ ಪಾಸ್ ಮಾಡಲ್ವೇನೋ ಅಂತ ಹೆದರ್ಕಂಡೆ. ನಿನಗಿಂತ ಗಾಡಿ ದೊಡ್ಡದಾಗ್ಬುಡ್ತು ಆ ಗಳಿಗೇಲಿ.” ಕಣ್ಣು ತುಂಬಿದರೂ ಅವನು ಒರೆಸಿಕೊಳ್ಳಲಿಲ್ಲ. “ಆಮೇಲೆ ಊರೋರು ನಿಮ್ಮಪ್ಪನ್ನ ಬೈದಾಗ್ಲೂ ಸುಮ್ಕಿದ್ದೆ. ಅವ್ರು ಹೋದ ದಿನ ನಿಮ್ಮ ಬೀದಿ ತಿರುವಿನವರೆಗೂ ಬಂದು ವಾಪಸ್ ಹೋದೆ ವೇದಾ.”

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿದಳು. ಸುಳ್ಳು ಹೇಳಿದ್ದರೆ ಎದ್ದು ಬಸ್ಸು ಹತ್ತಿ ಹೋಗುವುದು ಸುಲಭವಾಗಿತ್ತು. ನಿಜ ಹೇಳಿಬಿಟ್ಟ!

ವಾಷರ್ ಕಿತ್ತೆಸೆದು ಮುಚ್ಚಳವನ್ನು ಸಡಿಲವಾಗಿ ಹಾಕಿ ಹೊರಟರು. ಕಾರು ಎಲ್ಲೂ ನಿಲ್ಲದೆ ಕೃಷ್ಣಗಿರಿ ಸೇರಿತು.

ಹನುಮಂತರಾಯಪ್ಪ ಕಾರಿನ ಸುತ್ತ ಎರಡು ಸುತ್ತು ಬಂದರು. ಜೊತೆಗೆ ನಾಲ್ಕೈದು ಜನ ಸ್ನೇಹಿತರು. “ಬಾಗುಂದಿ ಬಾಗುಂದಿ!” ಎಂದು ತೆಲುಗಿನಲ್ಲಿ ಮೆಚ್ಚಿ, ಕನ್ನಡಕ್ಕೆ ತಿರುಗಿದರು. “ದಾರೀಲಿ ನಿಲ್ತದಂತಲ್ಲಪ್ಪ? ವೈರಿಂಗ್ ಸರಿಯಿಲ್ವಂತೆ?”

ವೇದವತಿ ಮುಂದೆ ಬರಲಿಲ್ಲ. ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದು ಚನ್ನಕೇಶವನ ಬೆನ್ನನ್ನೇ ನೋಡುತ್ತಿದ್ದಳು.

“ನಿಲ್ತಿದ್ದದ್ದು ನನ್ನ ತಪ್ಪು ಸಾರ್. ಟ್ಯಾಂಕಿನ ಮುಚ್ಚಳ ನಾನು ಕೆಟ್ಟದಾಗಿ ಮಾಡಿದ್ದೆ. ವೈರಿಂಗ್‌ನಲ್ಲಿ ಒಂದು ದೋಷನೂ ಇಲ್ಲ. ಮಾಡಿದ್ದು ಇವರು. ವೇದವತಿ. ರಾಮಸ್ವಾಮಿಯವರ ಮಗಳು. ಇವತ್ತು ತಪ್ಪು ಹುಡುಕಿದ್ದೂ ಇವರೇ.”

ಸ್ನೇಹಿತರಲ್ಲಿ ಒಬ್ಬರು ನಕ್ಕರು. ಹನುಮಂತರಾಯಪ್ಪ ನಗಲಿಲ್ಲ, ಕಾರಿನ ಮೇಲಿಂದ ಕೈ ತೆಗೆದರು.

“ಹೆಣ್ಮಗು ತಂತಿ ಎಳ್ದಿರೋ ಗಾಡೀಲಿ ನನ್ನ ಮಗನ್ನ ಕಳಿಸ್ಲಾ? ನೋಡಾಣ ಬಿಡಪ್ಪ. ಕಾಫಿ ಕುಡ್ಕಂಡು ಹೋಗಿ.”

ನೋಡೋಣ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಕಾಫಿ ಕುಡಿಯದೆ ಇಬ್ಬರೂ ಹೊರಟರು.

ಅರ್ಧ ದಾರಿ ಸವೆಯಿತು. ಕಾರು ಎಲ್ಲೂ ನಿಲ್ಲದೆ ಓಡುತ್ತಿತ್ತು.

“ಆರ್ಡರ್ ಹೋಯ್ತಲ್ಲ,” ಎಂದಳು ಕೊನೆಗೆ.

“ಹೋಯ್ತು.”

“ಹೆದರಿಕೆ ಆಗ್ಲಿಲ್ವಾ?”

“ಆಯ್ತು. ಆದ್ರೂ ಹೇಳ್ದೆ.”

ಅವಳು ತಿರುಗಿ ಅವನನ್ನು ನೋಡಿದಳು. ಅವಳ ಹೆಸರು ಹೇಳಿದ ಇದೇ ಮಾತು, ಇದೇ ಬಾಯಿ. ಒಂದು ವರ್ಷ ಮೊದಲೇ ಬಂದಿದ್ದರೆ... ಬೋರ್ಡಿನ ಕೆಳಗೆ ಕೂತ ಒಬ್ಬ ಮುದುಕರು ತಲೆಯೆತ್ತಿ ಕೇಳುತ್ತಿದ್ದರು. ಸಂತೋಷಕ್ಕೋ ಸಂಕಟಕ್ಕೋ ಕಣ್ಣು ತುಂಬಿ ಬಂತು. ಎರಡನ್ನೂ ಬೇರೆ ಮಾಡಲು ಅವಳಿಗೆ ಆಗಲಿಲ್ಲ.

“ಅಪ್ಪನಿಗೆ ಕೇಳಿಸ್ಲಿಲ್ಲ ಕೇಶವ.”

“ಗೊತ್ತು. ಅದನ್ನ ನಾನು ಯಾವತ್ತೂ ತೀರ್ಸಕ್ಕಾಗಲ್ಲ.”

ಹೊಸೂರು ಬಂತು. ಅಂಗಡಿಯ ಮುಂದೆ ಕಾರು ನಿಲ್ಲಿಸಿದ, ಎಂಜಿನ್ ಆರಿಸಲಿಲ್ಲ.

“ಹೆಣ್ಣು ಕೇಳ್ಬೇಕು ಅಂದ್ರೆ... ಈಗ ಯಾರನ್ನ ಕೇಳ್ಲಿ?”

“ನನ್ನ ಕೇಳಿ.”

ಅವನು ಸ್ಟೀರಿಂಗ್ ಬಿಟ್ಟು ಅವಳ ಕಡೆ ತಿರುಗಿದ. “ನನ್ನ ಮದ್ವೆ ಆಗ್ತೀಯಾ ವೇದಾ?”

“ನನಗೆ ಕೋಪ ಹೋಗಿಲ್ಲ.”

“ಹೋಗೋವರ್ಗೂ ಕಾಯ್ತೀನಿ.”

“ಅದು ಹೋಗಲ್ಲ.” ಅವಳು ಕೈ ಚಾಚಿ ಕೀಲಿ ತಿರುಗಿಸಿ ಎಂಜಿನ್ ಆರಿಸಿದಳು. “ಕೋಪ ಇಟ್ಕೊಂಡೇ ಬರ್ತೀನಿ. ಆಗುತ್ತಾ?”

“ಆಗುತ್ತೆ,” ಎಂದ ಅವನು. “ಬಾ.”