ಕೇಳಿ ಕಳುಹಿಸಿದವರು

"ನಿಮ್ಮ ಪುಟಗಳಿಗೆ ಬರ್ತಿರೋ ಹತ್ತರಲ್ಲಿ ಆರು ಮನುಷ್ಯರೇ ಅಲ್ಲ ಮೇಡಂ."

ಸಭೆಯ ಕೋಣೆಯಲ್ಲಿ ಕ್ಯಾಷಿಯರ್ ಕನ್ನಡಕ ಸರಿಮಾಡಿಕೊಂಡು ಕೇಳಿದರು. "ಮತ್ತೇನಪ್ಪ, ದೆವ್ವಗಳಾ?"

ಎಲ್ಲರೂ ನಕ್ಕರು. ಅವಳೊಬ್ಬಳು ನಗಲಿಲ್ಲ.

ಅದು ಗಾಲಿಕುರ್ಚಿ ತಯಾರಿಸಿ ಮಾರುವ ಕಂಪನಿ. ವೆಬ್‌ಸೈಟಿನ ಬರಹವೆಲ್ಲ ಅವಳದು. ಸೀಟಿನ ಅಗಲ, ಬ್ರೇಕು, ಬೆಲೆ ಇವನ್ನು ಯಾರು ಬೇಕಾದರೂ ಬರೆಯಬಹುದು. ಅವಳು ಬರೆಯುತ್ತಿದ್ದದ್ದೇ ಬೇರೆ. ಎರಡು ಸಲ ಬಿದ್ದರೂ ಕುರ್ಚಿ ಬೇಡವೆನ್ನುವ ಅಮ್ಮನನ್ನು ಒಪ್ಪಿಸುವುದು ಹೇಗೆ? ಕುರ್ಚಿಯಲ್ಲಿ ಕೂತ ಗಂಡನ ಜೊತೆ ಮೊದಲ ಸಲ ಹೊರಗೆ ಹೋದಾಗ ಜನ ನೋಡಿದರೆ ಏನು ಮಾಡುವುದು? ಎಲ್ಲೋ ಯಾರೋ ಓದುತ್ತಿದ್ದಾರೆ ಎಂಬ ನಂಬಿಕೆಯ ಮೇಲೆ ವರ್ಷಗಟ್ಟಲೆ ಬರೆದಿದ್ದಳು.

ಈಗ ವೆಬ್‌ಸೈಟಿಗೆ ಯಾರು ಬರುತ್ತಾರೆಂದು ಲೆಕ್ಕ ಹಾಕಲು ಒಂದೇ ತಿಂಗಳ ಒಪ್ಪಂದದ ಮೇಲೆ ಬಂದ ಈ ಮನುಷ್ಯ, ಎಲ್ಲರೆದುರು ಅದನ್ನು ಒರೆಸಿಹಾಕಿದ್ದ.

ಸಭೆ ಮುಗಿದ ಮೇಲೆ ಅವನು ಅವಳ ಮೇಜಿನ ಹತ್ತಿರ ಬಂದ. "ನಾನು ಇನ್ನೂ ಮುಗಿಸಿರಲಿಲ್ಲ. ನಿಮ್ಮ ಕ್ಯಾಷಿಯರ್ ನಗಿಸಿಬಿಟ್ರು."

"ಇನ್ನೂ ಏನಾದ್ರೂ ಉಳಿದಿದ್ಯಾ?"

"ಉಳಿದಿರೋದೇ ಮುಖ್ಯ." ಅವನು ಲ್ಯಾಪ್‌ಟಾಪ್ ತೆರೆದು ಅವಳ ಕಡೆ ತಿರುಗಿಸಿದ. "ಬರ್ತಿರೋದು ಎಐ ಬಾಟ್‌ಗಳು, ಪುಟ ಓದೋ ಯಂತ್ರಗಳು. ಅವುಗಳಲ್ಲಿ ಕೆಲವು ಸಿಕ್ಕಿದ್ದನ್ನೆಲ್ಲ ಮೂಟೆ ಕಟ್ಕೊಂಡು ಹೋಗ್ತವೆ. ಅವನ್ನ ಬಿಡಿ. ಆದ್ರೆ ಇದನ್ನ ನೋಡಿ. ಇದು ಸುಮ್ಮನೆ ಬರಲ್ಲ. ಯಾರೋ ಫೋನ್ ಹಿಡ್ಕೊಂಡು ಅದರಲ್ಲಿರೋ ಎಐನ, ಅಮ್ಮ ಕುರ್ಚಿ ಬೇಡ ಅಂತಿದ್ದಾಳೆ ಏನ್ ಮಾಡ್ಲಿ ಅಂತ ಕೇಳಿದಾಗ ಮಾತ್ರ ಓಡಿ ಬಂದು ನಿಮ್ಮ ಪುಟ ಓದುತ್ತೆ. ಹೋಗಿ ಅವರಿಗೆ ಹೇಳುತ್ತೆ."

ಅವಳು ಪರದೆ ನೋಡಿದಳು. ಸಾಲು ಸಾಲು ಅಕ್ಷರ, ಅಂಕಿ. "ಅಂದ್ರೆ ಇದರ ಹಿಂದೆ..."

"ಒಬ್ಬ ಮನುಷ್ಯ ಇದ್ದಾನೆ. ಪ್ರತಿ ಸಲವೂ."

ಆಫೀಸಿನವರು ಅವನಿಗೆ ಎಣಿಕೆ ಮೇಷ್ಟ್ರು ಎಂದು ಹೆಸರಿಟ್ಟರು. ಮಧ್ಯಾಹ್ನ ಚಹಾದ ಲೋಟ ಹಿಡಿದು ಅವನು ಅವಳ ಮೇಜಿಗೆ ಬರುವುದು, ಇವತ್ತು ಯಾವ ಪುಟಕ್ಕೆ ಹೆಚ್ಚು ಬಂದರು ಎಂದು ಹೇಳುವುದು ರೂಢಿಯಾಯಿತು.

"ಎಲ್ಲಾ ಪುಟ ಓದಿದ್ದೀರಾ?" ಎಂದು ಅವಳು ಒಮ್ಮೆ ಕೇಳಿದಳು.

"ಎಣಿಸೋದಕ್ಕೆ ಓದಬೇಕಾಗಿಲ್ಲ. ಆದ್ರೂ ಓದಿದೆ." ಅವನು ಲೋಟದೊಳಗೆ ನೋಡುತ್ತ ಹೇಳಿದ. "ಅಮ್ಮನಿಗೂ ಓದಿ ಹೇಳಿದೆ."

ಆ ದಿನ ಅವಳು ಮನೆಗೆ ನಡೆದೇ ಹೋದಳು. ಬಸ್ಸು ಹತ್ತಲು ಮರೆತೇ ಹೋಗಿತ್ತು.

ತಿಂಗಳು ಮುಗಿಯಲು ಒಂದು ವಾರವಿತ್ತು. ಕಂಪನಿಯ ಯಜಮಾನರ ಕೋಣೆಯ ಮುಂದೆ ಹಾದುಹೋಗುವಾಗ ಅವರು ಫೋನಿನಲ್ಲಿ ಆಡುತ್ತಿದ್ದ ಮಾತು ಕಿವಿಗೆ ಬಿತ್ತು. "ಓದೋದೇ ಯಂತ್ರ ಆದ್ಮೇಲೆ ಬರೆಯೋಕೆ ಮನುಷ್ಯರಿಗೆ ಯಾಕೆ ಸಂಬಳ ಅಂತೀಯಾ? ಹೂಂ... ಮೇಷ್ಟ್ರ ಲೆಕ್ಕ ಬರ್ಲಿ, ತೆಗೆದುಹಾಕೋಣ ಅಂದ್ರೆ ತೆಗೆದುಹಾಕೋಣ."

ಅವಳು ತನ್ನ ಮೇಜಿಗೆ ವಾಪಸು ಬಂದಳು.

ಹಾಗಾದರೆ ಚಹಾ ಕುಡಿದದ್ದು, ಓದಿದ್ದು, ಅಮ್ಮನಿಗೆ ಹೇಳಿದ್ದು... ಎಲ್ಲ ನನ್ನ ಕಾಲಡಿಯ ನೆಲ ಅಗೆಯುವುದಕ್ಕಾ?

ಅವನನ್ನು ಕೇಳಬಹುದಿತ್ತು. ಎರಡು ಮೇಜು ದಾಟಿದರೆ ಅವನಿದ್ದ. ಅವಳು ಕೇಳಲಿಲ್ಲ. ವೆಬ್‌ಸೈಟಿನ ಸೆಟ್ಟಿಂಗ್ಸ್ ತೆರೆದಳು. ಎಐ ಬಾಟ್‌ಗಳನ್ನು ತಡೆಯಲು ಅಲ್ಲೊಂದು ಗುಂಡಿ ಇತ್ತು. ಒತ್ತಿದಳು.

ಪ್ರತಿ ಸಲವೂ ಒಬ್ಬ ಮನುಷ್ಯ ಇದ್ದಾನೆ ಎಂದು ಗೊತ್ತಿದ್ದೂ ಒತ್ತಿದಳು.

ಕೊನೆಯ ಸಭೆಯಲ್ಲಿ ಯಜಮಾನರ ಮುಖ ಕೆಂಪಾಗಿತ್ತು. "ಏನ್ರೀ ಇದು? ಕೊನೇ ವಾರ ಒಂದು ಬಾಟೂ ಇಲ್ಲ. ಅದೇ ವಾರ, ಬಾಟ್ ಬಂದ ದಿನ ಅಂಗಡಿಗೆ ಜನ ಜಾಸ್ತಿ ಬರ್ತಾರಾ ನೋಡ್ತೀನಿ ಅಂದಿದ್ರಿ. ಇದರಲ್ಲಿ ಏನು ನೋಡೋದು?"

ಬಾಟ್‌ಗಳಿಗೆ ಬಾಗಿಲು ಮುಚ್ಚಿದವರು ಯಾರು, ಯಾವತ್ತು ಎಂಬುದೆಲ್ಲ ಅವನಿಗೆ ಕಾಣುತ್ತಿತ್ತು. ಎಣಿಸುವುದೇ ಅವನ ಕೆಲಸ. ಅವನು ಒಮ್ಮೆ ಅವಳ ಕಡೆ ನೋಡಿದ. ಒಮ್ಮೆ ಮಾತ್ರ.

"ನನ್ನ ಕೈತಪ್ಪು ಸರ್. ನಾನೇ ಬಂದ್ ಮಾಡ್ಬಿಟ್ಟಿದ್ದೆ."

ಅವಳು ತುಟಿಪಿಟಕ್ಕೆನ್ನಲಿಲ್ಲ.

ಸಂಜೆ ಮೆಟ್ಟಿಲ ಹತ್ತಿರ, ಬ್ಯಾಗು ಹೆಗಲಿಗೇರಿಸಿಕೊಂಡು ಅವನು ಹೇಳಿದ್ದು ಇಷ್ಟೆ. "ಕೇಳಿದ್ರೆ ಹೇಳ್ತಿದ್ದೆ."

ಅವಳ ಕೆಲಸ ಉಳಿಯಿತು. ಲೆಕ್ಕವೇ ಇಲ್ಲದ ಮೇಲೆ ಯಾರನ್ನು ತೆಗೆಯುವುದು? ಗುಂಡಿಯನ್ನು ಮಾತ್ರ ಅವಳು ಮತ್ತೆ ಮುಟ್ಟಲಿಲ್ಲ. ಮುಟ್ಟಿದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂಬ ಭಯ. ಹಾಗೇ ತಿಂಗಳುಗಳು ಉರುಳಿದವು.

"ಯಾರ್ ಮೇಲೆ ಕಣೇ ಈ ಮೌನವ್ರತ?" ಎಂದು ಮನೆಯಲ್ಲಿ ಅಕ್ಕ ಕೇಳಿದಳು. "ನಿಮ್ಮ ಭಾವ ಅಂತೂ ನಿನ್ನ ಹತ್ರ ಮಾತಾಡೋಕೆ ಅಪಾಯಿಂಟ್‌ಮೆಂಟ್ ಬೇಕಾ ಅಂತಿದ್ದಾರೆ."

"ಏನಿಲ್ಲಕ್ಕ. ಕೆಲಸ ಜಾಸ್ತಿ."

"ಕೆಲಸ ಜಾಸ್ತಿ ಇರೋರು ಖಾಲಿ ತಟ್ಟೆ ಇಟ್ಕೊಂಡು ಅರ್ಧ ಗಂಟೆ ಕೂರಲ್ಲ ಪುಟ್ಟಿ."

ಒಂದು ಬೆಳಿಗ್ಗೆ ಕೆಳಗಿನ ಮಳಿಗೆಯಿಂದ ಕರೆ ಬಂತು. ಯಾರೋ ಬಂದಿದ್ದಾರೆ, ವೆಬ್‌ಸೈಟ್ ಬರೆದವರನ್ನೇ ನೋಡಬೇಕಂತೆ. ಇಳಿದು ಹೋದಳು. ಕೈಯಲ್ಲಿ ಹೆಲ್ಮೆಟ್ ಹಿಡಿದ ನಡುವಯಸ್ಸಿನ ಹೆಂಗಸು ನಿಂತಿದ್ದಳು.

"ಕುರ್ಚಿ ಬಣ್ಣ ಅಮ್ಮನೇ ಆರಿಸಲಿ, ನೀವು ಆರಿಸಬೇಡಿ ಅಂತ ಬರೆದೋರು ನೀವೇನಾ?"

"ಹೌದು."

"ಹೋದ ವರ್ಷ ಫೋನನ್ನ ಕೇಳಿದಾಗ ಅದು ಇದನ್ನೇ ಹೇಳ್ತು. ನಿಮ್ಮ ಕಂಪನಿ ಹೆಸರೂ ಹೇಳ್ತು. ಅಮ್ಮ ಹಳದಿ ಬೇಕು ಅಂದ್ಳು. ಹಠ ಬಿಟ್ಟು ಕೂತ್ಳು ನೋಡಿ." ಹೆಂಗಸು ನಕ್ಕಳು. ಆಮೇಲೆ ನಗು ಮಾಯವಾಯಿತು. "ನನ್ನ ತಂಗಿಗೂ ಈಗ ಇದೇ ಕಷ್ಟ, ಅತ್ತೆ ಜೊತೆ. ಅವಳು ಕೇಳಿದ್ರೆ ಫೋನು ಬರೀ ಬೆಲೆ ಹೇಳತ್ತಂತೆ. ನಿಮ್ಮ ಮಾತು ಬರೋದೇ ಇಲ್ವಂತೆ. ಅತ್ತೆ ಮತ್ತೆ ಬಿದ್ದು ಸೊಂಟ ಮುರ್ಕೊಂಡ್ರು. ನೀವು ಅದನ್ನ ತೆಗೆದುಬಿಟ್ರಾ?"

ಅವಳು ಪುಟವನ್ನು ಫೋನಿನಲ್ಲಿ ತೆರೆದು ತೋರಿಸಿ, ತಂಗಿಗೆ ಕಳುಹಿಸಿಕೊಟ್ಟಳು.

ನೇರ ಯಜಮಾನರ ಕೋಣೆಗೆ ಹೋದಳು. ನಿಂತೇ ಹೇಳಿದಳು. ಎಲ್ಲವನ್ನೂ.

ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ನಿನ್ನ ತೆಗಿ ಅಂತ ಫೋನಲ್ಲಿ ಅಂದಿದ್ದು ಅವನಲ್ಲಮ್ಮ, ನನ್ನ ಭಾವಮೈದ. ಅವನಿಗೆ ಬುದ್ಧಿ ಹೇಳೋಕೇ ಅಲ್ವಾ ಮೇಷ್ಟ್ರನ್ನ ಕರೆಸಿದ್ದು? ಆ ಹುಡುಗ ದಿನಾ ಬಂದು ತಲೆ ತಿಂತಿದ್ದ. ಈ ತಿಂಗಳು ಮುಗೀಲಿ ಸರ್, ಆ ಬರಹ ಎಷ್ಟು ಜನರನ್ನ ಅಂಗಡಿಗೆ ಕರ್ಕೊಂಡು ಬರುತ್ತೆ ತೋರಿಸ್ತೀನಿ ಅಂತ."

ಅವರು ಪೆನ್ನು ಮೇಜಿನ ಮೇಲಿಟ್ಟರು.

"ನನ್ನ ಹತ್ರ ಯಾಕೆ ಹೇಳ್ತೀಯ? ಮೊದಲು ಆ ತಡೆ ತೆಗಿ. ಆಮೇಲೆ ಹೇಳಬೇಕಾದೋರಿಗೆ ಹೇಳು."

ಅವಳು ತಡೆ ತೆಗೆದಳು. ಅವನು ಈಗ ಬಣ್ಣದ ಕಂಪನಿಯೊಂದರಲ್ಲಿದ್ದ. ಸಂಜೆ ಗೇಟಿನ ಪಕ್ಕ ಕಾದು ನಿಂತಳು. ಅವನು ಬಂದ. ಸೊರಗಿದ್ದ.

"ಗುಂಡಿ ಒತ್ತಿದ್ದು ನಾನು," ಎಂದಳು.

"ಗೊತ್ತು."

"ಗೊತ್ತಿದ್ದೂ ಯಾಕೆ ಮೇಲೆ ಹಾಕ್ಕೊಂಡ್ರಿ?"

"ನೀವು ಹೇಳ್ತೀರಾ ಅಂತ ಕಾಯ್ತಾ ಇದ್ದೆ. ಹೇಳಲಿಲ್ಲ. ಯಾರಾದ್ರೂ ಹೇಳ್ಬೇಕಿತ್ತಲ್ಲ."

ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

"ನನಗೆ ನಿಮ್ಮ ಮೇಲೆ... ನನ್ನ ಬರಹ ಹೋಗುತ್ತೆ ಅಂತಲ್ಲ ಅಷ್ಟು ನೋವಾಗಿದ್ದು. ತೆಗೆಸ್ತಿರೋದು ನೀವು ಅಂದ್ಕೊಂಡಿದ್ದಕ್ಕೆ. ನೀವು ಇಷ್ಟ ಆಗಿದ್ರಿ. ಅದಕ್ಕೇ ಕೇಳೋಕೆ ಧೈರ್ಯ ಬರಲಿಲ್ಲ."

ಅವನು ರಸ್ತೆಯ ಕಡೆ ನೋಡಿದ. "ಅಮ್ಮನಿಗೆ ನಿಮ್ಮ ವಿಷಯ ಹೇಳಿದ್ದೆ. ಒಂದ್ಸಲ ಮನೆಗೆ ಕರ್ಕೊಂಡು ಬಾರೋ ಅಂತಿದ್ರು. ಬರ್ತಾರಮ್ಮ, ಸ್ವಲ್ಪ ದಿನ ತಡಿ ಅಂತಿದ್ದೆ." ಸ್ವಲ್ಪ ತಡೆದ. "ಎರಡು ತಿಂಗಳಾಯ್ತು ಅವರು ಹೋಗಿ."

ವಾಹನಗಳು ಹಾದುಹೋಗುತ್ತಿದ್ದವು. ಕ್ಷಮಿಸಿ ಎನ್ನಬೇಕೆಂದುಕೊಂಡಳು. ಅದು ಎಷ್ಟು ಸಣ್ಣ ಮಾತು ಎನಿಸಿ ಬಾಯಲ್ಲೇ ಉಳಿಯಿತು. ಆ ತಾಯಿ ಕಾದ ದಿನಗಳನ್ನು ಯಾರೂ ತಿರುಗಿ ತಂದುಕೊಡಲಾರರು.

"ಈಗ ಬರಬಹುದಾ... ಮನೆಗೆ?" ಎಂದು ಕೇಳಿದಳು.

"ಮನೇಲಿ ಈಗ ಯಾರಿದ್ದಾರೆ?"

"ನೀವಿದ್ದೀರಲ್ಲ."

ಅವನು ಕಣ್ಣು ಒರೆಸಿಕೊಂಡ. ರಸ್ತೆ ದಾಟಲು ಕೈ ಚಾಚಿದ. ಅವಳು ಹಿಡಿದುಕೊಂಡಳು.

"ನಿಧಾನ," ಎಂದ.

"ಹೂಂ. ಬರ್ತಾ ಇದ್ದೀನಿ."